ಜೋಧಪುರದ ನೀಲಿ ಮನೆ, ಮೈಲುತುತ್ತ ಮತ್ತು ನಮ್ಮ ಕೊಟ್ಟಿಗೆ ಗೋಡೆ

ಜೋಧಪುರದ ಮನೆಗಳು ನೀಲಿ ಇರುವುದು ಗೆದ್ದಲು ಬರದಿರಲಿ ಅಂತ ಸುಣ್ಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವುದರಿಂದ ಅಂತ ಅಲ್ಲಿನ ಗೈಡ್ ಹೇಳಿದರು, ನಮ್ಮ ಕೊಟ್ಟಿಗೆ ಗೋಡೆಗೂ ಹಾಗೇ ಬಳಿಯಬಹುದಾ ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ ಅಣ್ಣ, ಕೊಟ್ಟಿಗೆಗೆ ಮೈಲುತುತ್ತ ಬೇಡ. ಹಸು, ಕರು ಸುಣ್ಣದ ಗೋಡೆ ನೆಕ್ಕುತ್ತವೆ ಅಲ್ವಾ, ಹೊಟ್ಟೆಗೆ ತಾಮ್ರ ಜಾಸ್ತಿ ಹೋದರೆ ವಿಷ. ಕುರಿ ಸಾಕಿದ್ದರಂತೂ ಇನ್ನೂ ಅಪಾಯ. ನೀಲಿ ಬಣ್ಣವೇ ಬೇಕು ಅಂದರೆ ಬೇರೆ ದಾರಿ ಇದೆ, ಅದನ್ನೂ ಬರೆಯುತ್ತೇನೆ.

ಆ ಊರಿಗೆ ನಾನೂ ಹೋಗಿದ್ದೆ. ರಾವ್ ಜೋಧಾ 1459ರಲ್ಲಿ ಮಂಡೋರದಿಂದ ರಾಜಧಾನಿ ತಂದು ಕಟ್ಟಿದ ಊರು ಅದು. ಮೆಹ್ರಾನ್‌ಗಢ ಕೋಟೆಯ ಗೋಡೆ ಮೇಲೆ ನಿಂತು ಕೆಳಗೆ ನೋಡಿದರೆ ಇಡೀ ಊರು ನೀಲಿ ಇಲ್ಲ. ಕೋಟೆಯ ಬುಡದ ಹಳೇ ಊರು, ಅದರಲ್ಲೂ ಬ್ರಹ್ಮಪುರಿ ಅನ್ನುವ ಕೇರಿ ಒತ್ತಾಗಿ ನೀಲಿ. ದೂರ ಹೋದ ಹಾಗೆ ಕಲ್ಲಿನ ಬಣ್ಣವೇ ಜಾಸ್ತಿ. ಬ್ರಾಹ್ಮಣರ ಮನೆಗಳ ಗುರುತಾಗಿ ನೀಲಿ ಶುರುವಾಯಿತು, ಆಮೇಲೆ ಬೇರೆಯವರೂ ಬಳಿದರು ಅಂತ ಅಲ್ಲಿ ಹೇಳುತ್ತಾರೆ. ಈಗ ಜಾತಿಯ ಲೆಕ್ಕ ಏನೂ ಇಲ್ಲ, ಯಾರು ಬೇಕಾದರೂ ನೀಲಿ ಬಳಿಯುತ್ತಾರೆ. ನೀಲಿ ಎಲ್ಲಿ ಒತ್ತಾಗಿದೆ ಅಂತ ಕೋಟೆ ಮೇಲಿಂದ ಕಂಡ ಮೇಲೆ ಇರುವ ಕಾರಣಗಳಲ್ಲಿ ಇದೇ ನನಗೆ ಹೆಚ್ಚು ಸರಿ ಅನ್ನಿಸಿತು.

ಇನ್ನೊಂದು ಕಾರಣ ತಂಪು. ಇದರಲ್ಲಿ ಅರ್ಧ ಮಾತ್ರ ನಿಜ. ಬಿಸಿಲನ್ನು ಹಿಂದಕ್ಕೆ ಕಳಿಸುವುದು ಸುಣ್ಣ, ನೀಲಿ ಅಲ್ಲ. ಬರೀ ತಂಪಿಗೇ ಆಗಿದ್ದರೆ ಬಿಳಿ ಸುಣ್ಣವೇ ಒಳ್ಳೆಯದು. ಆದರೆ ಮರುಭೂಮಿಯ ಬಿಸಿಲಲ್ಲಿ ಅಪ್ಪಟ ಬಿಳಿ ಗೋಡೆ ಕಣ್ಣು ಕುಕ್ಕುತ್ತದೆ, ಎರಡೂ ಕಡೆ ಗೋಡೆ ಇರುವ ಸಣ್ಣ ಓಣಿಯಲ್ಲಿ ನಡೆದು ನೋಡಿದರೆ ತಿಳಿ ನೀಲಿ ಕಣ್ಣಿಗೆ ಎಷ್ಟು ಹಿತ ಅಂತ ಗೊತ್ತಾಗುತ್ತದೆ. ನಮ್ಮಲ್ಲೂ ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಅಜ್ಜಿ ಒಂದು ಚಿಟಿಕೆ ನೀಲಿ ಹಾಕಿಸುತ್ತಿದ್ದರು, ಪಂಚೆಗೆ ಹಾಕುವ ಹಾಗೇ, ಬಿಳುಪು ಹಳದಿಗೆ ತಿರುಗಬಾರದು ಅಂತ. ಜೋಧಪುರದವರು ಚಿಟಿಕೆ ಜಾಗದಲ್ಲಿ ಹಿಡಿ ಹಾಕುತ್ತಾರೆ, ಅಷ್ಟೇ.

ಈಗ ಗೆದ್ದಲಿನ ವಿಷಯ. ಸುಣ್ಣಕ್ಕೆ ಮೈಲುತುತ್ತ ಹಾಕಿದರೆ ಏನಾಗುತ್ತದೆ ಅಂತ ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಬೋರ್ಡೋ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಪ್ರತಿ ಮಳೆಗಾಲ ಕೊಳೆರೋಗಕ್ಕೆ ಹೊಡೆಯುವುದು ಅದನ್ನೇ ಅಲ್ವಾ. ಅದು ಶಿಲೀಂಧ್ರದ ಮದ್ದು. ನಮ್ಮ ಮನೆಯಲ್ಲಿ ಮದ್ದು ಕದಡುವ ಡ್ರಮ್ಮು ಇಡುವ ಜಾಗದ ಗೋಡೆಗೆ ಇಪ್ಪತ್ತು ವರ್ಷದಿಂದ ಬೋರ್ಡೋ ಸಿಡಿದು ಸಿಡಿದು ಮೊಣಕಾಲೆತ್ತರ ನೀಲಿ ಹಿಡಿದಿದೆ, ಕೆಲವು ಕಡೆ ಹಸಿರು. ಹೋದ ವರ್ಷ ಗೆದ್ದಲು ಅದೇ ನೀಲಿಯ ಮೇಲೆ ಬೆರಳು ದಪ್ಪದ ಮಣ್ಣಿನ ಸಾಲು ಕಟ್ಟಿಕೊಂಡು ಅಟ್ಟದ ತೊಲೆಗೆ ಹತ್ತಿದ್ದವು. ಗೆದ್ದಲು ಬರುವುದು ನೆಲದಡಿಯಿಂದ, ಗೋಡೆಯ ಸಂದಿನಿಂದ. ಮೇಲೆ ಬಳಿದ ಬಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಮೇಲಾಗಿ ಜೋಧಪುರದ ಹಳೇ ಮನೆಗಳಲ್ಲಿ ಗೋಡೆಯೂ ಮರಳುಗಲ್ಲು, ಎಷ್ಟೋ ಕಡೆ ಮಾಡಿಗೂ ಕಲ್ಲಿನ ಚಪ್ಪಡಿಯೇ, ಮರ ನಮ್ಮಷ್ಟು ಇಲ್ಲ.

ಅಲ್ಲಿ ಒಂದು ಮನೆಯ ಮೆಟ್ಟಿಲ ಪಕ್ಕ ಗೋಡೆ ಅಂಗೈಯಗಲ ಕಿತ್ತುಹೋಗಿತ್ತು. ಹತ್ತಿರ ಹೋಗಿ ನೋಡಿದೆ. ಈರುಳ್ಳಿ ಸಿಪ್ಪೆಯ ಹಾಗೆ ಪದರದ ಮೇಲೆ ಪದರ, ಒಂದು ಕಡು ನೀಲಿ, ಒಂದು ಹೆಚ್ಚುಕಡಿಮೆ ಬಿಳಿ, ಮತ್ತೆ ನೀಲಿ. ಕೈ ಇಟ್ಟರೆ ಬೆರಳಿಗೆ ಪುಡಿ ಬಂತು. ಆ ಬಣ್ಣಕ್ಕೆ ಆಳ ಬಂದಿರುವುದು ಹೀಗೆ ಮತ್ತೆ ಮತ್ತೆ ಬಳಿದು. ಇನ್ನೊಂದು ವಿಷಯ ನೆನಪಿಡಬೇಕು. 1820ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಗಿಮೆ ಎಂಬಾತ ಅಲ್ಟ್ರಾಮರೀನ್ ನೀಲಿಯನ್ನು ಕೃತಕವಾಗಿ ಮಾಡಿದ ಮೇಲೆಯೇ ಆ ನೀಲಿ ಅಗ್ಗವಾಗಿದ್ದು. ಅದಕ್ಕೂ ಮೊದಲು ಅದನ್ನು ಬೆಲೆಬಾಳುವ ಕಲ್ಲು ಅರೆದು ತೆಗೆಯುತ್ತಿದ್ದರು, ಯಾರೂ ಗೋಡೆಗೆ ಬಳಿಯುವ ಹಾಗಿರಲಿಲ್ಲ. ನೀಲಿ ಗಿಡದ ಬಣ್ಣ ನಮ್ಮ ದೇಶದಲ್ಲಿ ಇತ್ತು, ಆದರೆ ಬಿಸಿಲಿಗೆ ಮಾಸುತ್ತದೆ. ಹಾಗಾಗಿ ಕೇರಿಗೆ ಕೇರಿಯೇ ಹೀಗೆ ನೀಲಿಯಾಗಿದ್ದು ಊರಿನಷ್ಟು ಹಳೆಯದಲ್ಲ ಅಂತ ನನ್ನ ಲೆಕ್ಕ.

ನಿಮಗೆ ಬೇಕಾದ್ದು ಆ ಅಲ್ಟ್ರಾಮರೀನ್ ನೀಲಿಯ ಪುಡಿಯೇ. ಬಟ್ಟೆಗೆ ಹಾಕುವ ದ್ರವ ನೀಲಿ ತರಬೇಡಿ, ಅದು ಗೋಡೆಯಲ್ಲಿ ನಿಲ್ಲುವುದಿಲ್ಲ. ಚಿಪ್ಪುಸುಣ್ಣ ಸಿಕ್ಕರೆ ಒಳ್ಳೆಯದು. ನೀರಿಗೆ ಸುಣ್ಣ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ, ಕುದಿದು ಸಿಡಿಯುತ್ತದೆ, ಕಣ್ಣು ಜೋಪಾನ. ಮಕ್ಕಳನ್ನು ದೂರ ಇಡಿ. ಎರಡು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. 10 ಲೀಟರಿಗೆ 200 ಗ್ರಾಂ ನೀಲಿ ಸಾಕು, ಅದನ್ನು ಬೇರೆಯೇ ಕಲಸಿ ಗಂಟಿಲ್ಲದ ಹಾಗೆ ಮಾಡಿ ಸೇರಿಸಿ. ಅಂಟಿಗೆ ಒಂದಿಷ್ಟು ಅಕ್ಕಿ ಗಂಜಿ. ಗೋಡೆಗೆ ಮೊದಲು ನೀರು ಹೊಡೆದು, ಬಿಸಿಲು ಇಳಿದ ಮೇಲೆ, ತೆಳ್ಳಗೆ ಮೂರು ಸಲ ಬಳಿಯಿರಿ. ದಪ್ಪ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ. ಈಗಾಗಲೇ ಡಿಸ್ಟೆಂಪರ್ ಅಥವಾ ಪೇಂಟ್ ಇರುವ ಗೋಡೆಯಾದರೆ ಸುಣ್ಣ ಹಿಡಿಯುವುದೇ ಇಲ್ಲ, ಕೆರೆದು ತೆಗೆಯಬೇಕು.

ಮಳೆ ಹೊಡೆಯುವ ಪಡುವಣ ಗೋಡೆಗೆ ಮಾತ್ರ ಬೇಡ. ಜೋಧಪುರಕ್ಕೆ ವರ್ಷಕ್ಕೆ ಬೀಳುವುದು ಸರಾಸರಿ 350ರಿಂದ 400 ಮಿ.ಮೀ., ನಮ್ಮಲ್ಲಿ ಜುಲೈ ಒಂದರಲ್ಲೇ ಅದರ ಎರಡರಷ್ಟು ಸುರಿಯುತ್ತದೆ. ಅಲ್ಲಿ ವರ್ಷಗಟ್ಟಲೆ ನಿಲ್ಲುವ ಬಣ್ಣ ಇಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿಯುತ್ತದೆ. ಒಳಗೋಡೆಗೆ, ಜಗಲಿಗೆ ಬಳಿಯಿರಿ. ಅಡಿಕೆ ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಮಾಡಿದರೆ ಚೆನ್ನಾಗಿ ಒಣಗುತ್ತದೆ. ಮೊದಲು ಒಂದು ಮೂಲೆಯಲ್ಲಿ ಮೊರದಗಲ ಬಳಿದು ಎರಡು ದಿನ ಬಿಟ್ಟು ನೋಡಿ, ಹಸಿ ಇದ್ದಾಗ ಕಡು ನೀಲಿ ಕಂಡದ್ದು ಒಣಗಿದ ಮೇಲೆ ತುಂಬಾ ತಿಳಿಯಾಗುತ್ತದೆ. ಗೆದ್ದಲಿಗೆ ಏನು ಮಾಡಿದ್ದೆ ಅಂತ ಬೇಕಿದ್ದರೆ ಹೇಳಿ, ಬೇರೆಯೇ ಬರೆಯುತ್ತೇನೆ.