ನೆಟ್ಟಗೆ ಕೂತರೂ ಸೊಂಟ ನೋವು ಯಾಕೆ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರ್ ಹತ್ತಿರ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ಪೀಸ್ ಲೆಕ್ಕದ ಕೂಲಿ, ಹಾಗಾಗಿ ಕೂತರೆ ಏಳುವುದೇ ಇಲ್ಲ. ಸಂಜೆಗೆ ಸೊಂಟ ಹಿಡಿದುಬಿಡುತ್ತದೆ. ಎಲ್ಲರೂ ನೆಟ್ಟಗೆ ಕೂತ್ಕೋ ಅಂತಾರೆ, ಹಾಗೆ ಕೂತರೆ ನೋವು ಇನ್ನೂ ಜಾಸ್ತಿ. ಏನು ಮಾಡಲಿ?
– ಓದುಗ ಸೋದರಿ, ಬಳ್ಳಾರಿ

ಉತ್ತರ: ತಂಗಿ, ಪೆರೇಡಿಗೆ ನಿಂತವರ ಹಾಗೆ ಎದೆ ಉಬ್ಬಿಸಿ, ಭುಜ ಹಿಂದಕ್ಕೆಳೆದು ಕೂರುವುದನ್ನು ಮೊದಲು ಬಿಡಿ. ಬೆನ್ನಿನ ಸ್ನಾಯುಗಳನ್ನು ಸುಮ್ನೆ ಬಿಗಿ ಹಿಡಿದರೆ ಅವು ಬೇಗ ಸುಸ್ತಾಗುತ್ತವೆ, ನೋಯುತ್ತವೆ. ನೆಟ್ಟಗೆ ಕೂರಿಸಬೇಕಾದ್ದು ಸ್ಟೂಲು, ನೀವಲ್ಲ.

ಕೂತಾಗ ಎರಡು ಅಂಗೈಗಳನ್ನು ಕುಂಡಿಯ ಕೆಳಗೆ ಇಟ್ಟು ನೋಡಿ. ಎರಡು ಗಟ್ಟಿ ಮೂಳೆ ಸಿಗುತ್ತವೆ ಅಲ್ವಾ? ಮೈಭಾರ ಅವುಗಳ ಮೇಲೆ ಬೀಳಬೇಕು. ಸ್ಟೂಲು ತಗ್ಗಾಗಿ ಮಂಡಿ ಮೇಲೆದ್ದರೆ ಸೊಂಟದ ಗೂಡು ಹಿಂದಕ್ಕೆ ವಾಲುತ್ತದೆ, ಸೊಂಟದ 5 ಮೂಳೆಗಳ ಸಹಜ ಬಾಗು ಚಪ್ಪಟೆಯಾಗುತ್ತದೆ, ಆಮೇಲೆ ನೀವು ಎಷ್ಟೇ ನೆಟ್ಟಗಾಗಲು ಒದ್ದಾಡಿದರೂ ಬೆನ್ನು ಗೂನಾಗುತ್ತಲೇ ಇರುತ್ತದೆ. ಅದಕ್ಕೇ ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರಲಿ. ಯೂನಿಟ್‌ನಲ್ಲಿ ಕತ್ತರಿಸಿ ಬಿದ್ದ ಜೀನ್ಸ್ ತುಂಡುಗಳಿಗೇನೂ ಬರ ಇಲ್ಲ. ನಾಲ್ಕೈದು ತುಂಡು ಮಡಿಚಿ ಒಂದು ಚೀಲದಲ್ಲಿ ಹೊಲಿದು ಸ್ಟೂಲಿನ ಹಿಂದಿನ ಅರ್ಧಕ್ಕೆ ಮಾತ್ರ ಹಾಕಿ, ಕೂರುವ ಜಾಗ ಮುಂದಕ್ಕೆ ಸ್ವಲ್ಪ ಇಳಿಜಾರಾಗುತ್ತದೆ. ಬೆನ್ನು ತಾನಾಗೇ ಮೇಲೇಳುತ್ತದೆ, ಎಳೆದು ಹಿಡಿಯಬೇಕಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಕಡುನೀಲಿ ಬಟ್ಟೆ ಮೇಲೆ ನೀಲಿ ದಾರ ಕಾಣದೆ ಎಷ್ಟೋ ಜನ ಸೂಜಿಗೆ ಮೂಗು ತಾಗುವಷ್ಟು ಬಗ್ಗುತ್ತಾರೆ. ತಲೆಯ ತೂಕ ಸುಮಾರು 5 ಕಿಲೋ, ಅದನ್ನು ಮುಂದಕ್ಕೆ ಚಾಚಿದಷ್ಟೂ ಕತ್ತು ಬೆನ್ನಿಗೆ ಹೊರೆ. ಸೂಜಿಯ ಹತ್ತಿರ ಒಂದು ಸಣ್ಣ ಬಲ್ಬು ಹಾಕಿಸಿಕೊಡಿ ಅಂತ ಮಾಲೀಕರನ್ನು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಪೆಡಲ್ ದೂರ ಇದ್ದರೆ ಕಾಲು ಚಾಚಿ ಜಾರುತ್ತೀರಿ, ಸ್ಟೂಲನ್ನೇ ಮುಂದಕ್ಕೆ ಎಳೆದುಕೊಳ್ಳಿ. ಎಡಗಾಲು ನೆಲಕ್ಕೆ ಎಟುಕದಿದ್ದರೆ ಕೆಳಗೆ ಹಲಗೆ ಇಡಿ.

ಇಷ್ಟಾದರೂ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದು ಯಾವ ಸೊಂಟಕ್ಕೂ ಒಗ್ಗಲ್ಲ. ಪೀಸ್ ಲೆಕ್ಕದ ಕಷ್ಟ ಗೊತ್ತು. ಒಂದು ಬಂಡಲ್ ಮುಗಿದಾಗ ಅದನ್ನು ಕೊಡೋಕೆ ನೀವೇ ಎದ್ದು ಹೋಗಿ, ಹುಡುಗನ ಕೈಗೆ ಕೊಟ್ಟು ಕಳಿಸಬೇಡಿ. ನಿಂತು ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ನಾಲ್ಕು ಸಲ ಹಿಂದಕ್ಕೆ ಬಾಗಿ. ನೋವಿದೆ ಅಂತ ದಿನಗಟ್ಟಲೆ ಮಲಗುವುದೂ ಬೇಡ, ಓಡಾಡಿದರೇ ಬೇಗ ವಾಸಿ.

ಆದರೆ ನೋವು ಕಾಲಿಗಿಳಿದು ಪಾದ ಜೋಮು ಹಿಡಿದರೆ, ಅಥವಾ ನೋವಿನ ಜೊತೆ ಜ್ವರ ಬಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಪಾದ ಎತ್ತಲು ಆಗದಿದ್ದರೆ, ತೊಡೆಸಂದಿಯಲ್ಲಿ ಮರಗಟ್ಟಿದರೆ ಅಥವಾ ಮೂತ್ರ ಹಿಡಿತ ತಪ್ಪಿದರೆ ಸ್ಟೂಲು, ದಿಂಬು ಅಂತ ಕೂರಬೇಡಿ, ಆ ದಿನವೇ ನಿಮ್ಮೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ.