ಬಯಲಲ್ಲಿ ಏನಿದೆ ಅಂತ ಕೇಳಿದ್ದೀರಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಚಂದ್ರನ ಬಯಲುಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಸಪಾಟು ನೆಲದಲ್ಲಿ ನೋಡುವಂಥದ್ದು ಏನಿದೆ? ಬೆಟ್ಟ, ಕುಳಿಗಳ ಬಗ್ಗೆ ಬರೆದಿದ್ದರೆ ಓದೋಕೆ ಚೆನ್ನಾಗಿರುತ್ತಿತ್ತು.

ಸಂಪಾದಕರ ಉತ್ತರ: ಬೇಸರ ಬಂದರೂ ನಾಲ್ಕೂ ಪುಟ ಓದಿದ್ದೀರಿ. ಅಂಥ ಓದುಗರು ಸಿಗುವುದು ಅಪರೂಪ. ಕುಳಿಗಳು ಚೆಂದ ಅನ್ನುವುದನ್ನೂ ಒಪ್ಪುತ್ತೇನೆ. ಹುಣ್ಣಿಮೆಯ ರಾತ್ರಿ ಟೈಕೋ ಕುಳಿಯಿಂದ ಹೊರಟ ಬಿಳಿ ಗೆರೆಗಳನ್ನು ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಬಯಲಲ್ಲಿ ಏನಿದೆ ಅಂತ ಕೇಳಿದಿರಲ್ಲ, ಅದಕ್ಕೆ ಸುಮ್ನೆ ಇರಲಾರೆ.

ಚಂದ್ರನಲ್ಲಿ ಮೊಲ ಅಂತ ನಾವು ತೋರಿಸುತ್ತೇವಲ್ಲ, ಆ ಕಪ್ಪು ಭಾಗವೇ ಈ ಬಯಲು. 1651ರಲ್ಲಿ ಇಟಲಿಯ ಖಗೋಳಜ್ಞ ರಿಚೋಲಿ ಇವಕ್ಕೆ ಕಡಲುಗಳ ಹೆಸರಿಟ್ಟರು. ತುಂಬಿದ್ದು ನೀರಲ್ಲ, ಲಾವಾ. ಆಕಾಶದಿಂದ ಬಂಡೆಗಳು ಬಡಿದು ಭಾರಿ ಹಳ್ಳಗಳಾದವು. ಆಮೇಲೆ ಒಳಗಿನಿಂದ ಲಾವಾ ಉಕ್ಕಿತು. ಎಂಜಿನ್ ಆಯಿಲ್‌ನಷ್ಟು ತೆಳು ಇದ್ದದ್ದರಿಂದ ದೂರದೂರಕ್ಕೆ ಹರಿದು ಮಟ್ಟಸವಾಗಿ ನಿಂತಿತು. ಇವುಗಳಲ್ಲಿ ಹೆಚ್ಚಿನವು 300 ಕೋಟಿ ವರ್ಷಕ್ಕಿಂತ ಹಳೆಯವು. ನಿಮಗೆ ಇಷ್ಟವಾದ ಕುಳಿಗಳಲ್ಲಿ ಅತಿ ದೊಡ್ಡವು ಕೆಲವು ಇದೇ ಬಯಲಿನ ಅಡಿಯಲ್ಲಿವೆ! ಚಂದ್ರನನ್ನು ಸುತ್ತುತ್ತಿದ್ದ ನೌಕೆಗಳು ಇಂಥ ಕೆಲವು ಬಯಲುಗಳ ಮೇಲೆ ಹೋಗುವಾಗ ಜಾಸ್ತಿ ಸೆಳೆತಕ್ಕೆ ಸಿಗುತ್ತಿದ್ದವು. ಅಡಿಯಲ್ಲಿ ಹೆಚ್ಚು ತೂಕ ಅಡಗಿದೆ ಅಂತ 1968ರಲ್ಲಿ ಗೊತ್ತಾಯಿತು.

ನನಗೆ ಬಯಲಿನ ಹುಚ್ಚು ಹತ್ತಿದ್ದು ಒಂದು ಸಣ್ಣ ದೂರದರ್ಶಕದಿಂದ. ಅಮಾವಾಸ್ಯೆ ಕಳೆದು ಐದಾರು ದಿನ ಆಗಿತ್ತು. ಬೆಳಕು ಕತ್ತಲೆಯ ಗಡಿಯ ಹತ್ತಿರ, ನುಣುಪು ಅಂದುಕೊಂಡಿದ್ದ ಬಯಲಿನ ಮೇಲೆ ಒಂದು ಉದ್ದನೆಯ ಏಣು ಕಂಡಿತು. ಹಾಸಿದ ಬಟ್ಟೆಯಲ್ಲಿ ಎದ್ದ ಮಡಿಕೆಯ ಹಾಗೆ, ಹಾವಿನಂತೆ ಬಳುಕಿಕೊಂಡು ಹೋಗಿತ್ತು. ಎತ್ತರ ಕೆಲವು ನೂರು ಮೀಟರ್ ಅಷ್ಟೇ. ಮೂರು ದಿನ ಬಿಟ್ಟು ನೋಡಿದೆ, ಇಲ್ಲ! ಅಲ್ಲಿ ಬಿಸಿಲು ಮೇಲೇರಿತ್ತು, ನೆರಳು ಹೋಗಿತ್ತು. ಲಾವಾದ ಭಾರಕ್ಕೆ ನೆಲ ಕುಸಿದು, ಮೇಲ್ಪದರ ಒತ್ತಿಕೊಂಡು ಎದ್ದ ಮಡಿಕೆ ಅದು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತೀವಿ. ದೂರದ ಬಯಲೂ ಅಷ್ಟೇ. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಇಳಿಯಲು ಹೋದದ್ದು ಬಯಲಿಗೇ. ಹತ್ತಿರ ಬಂದಾಗ ಕಂಡದ್ದು ಕುಳಿ ಮತ್ತು ಬಂಡೆಗಳ ರಾಶಿ. ಇಂಧನ ಕಡಿಮೆಯಾಗುತ್ತಿರುವಾಗಲೇ ನೌಕೆಯನ್ನು ಕೈಯಾರೆ ನಡೆಸಿ ಮುಂದಕ್ಕೆ ಒಯ್ದರು. 1972ರಲ್ಲಿ ಅಪೋಲೊ 16 ಇಳಿದ ಜಾಗದ ಕಥೆ ಇನ್ನೂ ಸೊಗಸು. ಅಲ್ಲಿನ ಬಯಲು ಜ್ವಾಲಾಮುಖಿಯಿಂದ ಆದದ್ದು ಅಂತ ಪಂಡಿತರು ನಂಬಿದ್ದರು. ಅಲ್ಲಿಳಿದ ಗಗನಯಾತ್ರಿಗಳು ಯಂಗ್ ಮತ್ತು ಡ್ಯೂಕ್ ಹೆಕ್ಕಿ ತಂದ ಕಲ್ಲುಗಳು ಬೇರೆಯದೇ ಹೇಳಿದವು. ದೂರದಲ್ಲಿ ಬಂಡೆ ಅಪ್ಪಳಿಸಿದಾಗ ಸಿಡಿದು ಬಂದ ಚೂರುಗಳೇ ಹಾಸಿಕೊಂಡು ಆದ ಬಯಲದು.

ಭೂಮಿಗೆ ಬನ್ನಿ. ಬೊಲಿವಿಯಾದ ಉಯುನಿ ಉಪ್ಪಿನ ಬಯಲು ಸುಮಾರು 10,000 ಚದರ ಕಿಲೋಮೀಟರ್. ಅಷ್ಟಗಲಕ್ಕೂ ಏರಿಳಿತ ಒಂದು ಮೀಟರ್ ಆಸುಪಾಸು. ಮಳೆನೀರು ಬಂದು ಉಪ್ಪನ್ನು ಕರಗಿಸಿ ಮತ್ತೆ ಮಟ್ಟ ಮಾಡುತ್ತದೆ. ಉಪಗ್ರಹಗಳ ಎತ್ತರ ಅಳೆಯುವ ಉಪಕರಣ ಸರಿಯಿದೆಯೇ ಅಂತ ಪರೀಕ್ಷಿಸಲು ಇದನ್ನೇ ಬಳಸುತ್ತಾರೆ. ಏನೂ ಇಲ್ಲದ ಜಾಗಕ್ಕೆ ಈ ಕೆಲಸ ಕೊಡ್ತಾರಾ ಹೇಳಿ?

ತಪ್ಪು ನಿಮ್ಮದೊಬ್ಬರದೇ ಅಲ್ಲ. ಶಾಲೆಯ ನಕ್ಷೆಯಲ್ಲಿ ಬೆಟ್ಟಗಳಿಗೆ ಹೆಸರು, ಎತ್ತರ ಎಲ್ಲ ಉಂಟು. ಬಯಲಿಗೆ ಒಂದೇ ಹಸಿರು ಬಣ್ಣ ಬಳಿದು ಮುಗಿಸುತ್ತಾರೆ. ಕಡತಗಳಲ್ಲಂತೂ ಹುಲ್ಲುಗಾವಲಿಗೂ 'ಪಾಳು ಭೂಮಿ' ಅನ್ನುವ ಹೆಸರು. ಹಾಗೆ ಬರೆದ ಮೇಲೆ ಅಲ್ಲಿ ಗೂಡು ಕಟ್ಟುವ ಹಕ್ಕಿಯನ್ನು ಕೇಳುವವರು ಯಾರು? ನನಗೆ ಸಿಟ್ಟು ಬರುವುದು ಇಲ್ಲೇ.

ಮುಂದಿನ ಅಮಾವಾಸ್ಯೆ ಕಳೆದು ಐದನೆಯ ದಿನ ಯಾರದಾದರೂ ದೂರದರ್ಶಕ ಕೇಳಿ ಪಡೆಯಿರಿ. ಆ ಏಣು ಕಂಡರೆ ಮತ್ತೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಸಾಗರದ ತಳದ ಬಯಲುಗಳು ಬರುತ್ತಿವೆ, ಆರು ಪುಟ.