1.8 ಎಂದು ಬರೆದ ಹುಡುಗಿಗೆ ಸೊನ್ನೆಯೇ?

ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿಯೊಬ್ಬರ ಪತ್ರದ ಸಾರ: "ಹಾಸನದಲ್ಲಿ ನಡೆದ ರಸಾಯನಶಾಸ್ತ್ರ ಸಮಸ್ಯೆ ಬಿಡಿಸುವ ಸ್ಪರ್ಧೆಗೆ ಮೂವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. 5 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟಿನ ನೀಲಿ ಹರಳು) ಚೆನ್ನಾಗಿ ಕಾಯಿಸಿದಾಗ 3.2 ಗ್ರಾಂ ಬಿಳಿ ಪುಡಿ ಉಳಿಯಿತು. ಹರಳಿನಲ್ಲಿ ಒಂದು ಕಾಪರ್ ಸಲ್ಫೇಟಿಗೆ ಎಷ್ಟು ನೀರಿನ ಅಣುಗಳಿದ್ದವು ಎಂದು ಕೇಳಿದ್ದರು. ಅಣುತೂಕಗಳನ್ನು ಕೊಟ್ಟಿದ್ದರೂ ಇಂಥ ಲೆಕ್ಕವನ್ನು ನಮ್ಮ ಮಕ್ಕಳು ಮಾಡಿದವರಲ್ಲ. ಒಬ್ಬ ಹುಡುಗಿ 1.8 ಎಂದು ಬರೆದು ನಿಲ್ಲಿಸಿದಳು. ಅಂಕಪಟ್ಟಿಯಲ್ಲಿ ಆ ಪ್ರಶ್ನೆಗೆ ಸೊನ್ನೆ. ಉತ್ತರ ಪತ್ರಿಕೆ ಕೇಳಿದರೆ ಕೊಡುವುದಿಲ್ಲ ಎಂದರು. ಊರು ತಲುಪುವವರೆಗೂ ಅವಳು ಬಸ್ಸಿನಲ್ಲಿ ಮಾತನಾಡಲಿಲ್ಲ. ಕೋಚಿಂಗ್ ಪಡೆದ ಪೇಟೆಯ ಮಕ್ಕಳಿಗೆ ಮಾತ್ರ ಒಗ್ಗುವ ಸ್ಪರ್ಧೆಯನ್ನು ನೀವು ಹೊಗಳಿದ್ದೇಕೆ? ಸುಲಭದ ಪ್ರಶ್ನೆ ಕೇಳಿ ಎಂದಾದರೂ ಬರೆಯಬಾರದೇ?"

ಸಂಪಾದಕರ ಉತ್ತರ:

ಮೇಡಂ, ಮೊದಲು ಆ ಹುಡುಗಿಗೆ ಹೇಳಿ: 1.8 ತಪ್ಪಲ್ಲ. ಹರಳು ಕಳೆದುಕೊಂಡ ತೂಕ ಅದು, ಆವಿಯಾಗಿ ಹೋದ ನೀರಿನ ತೂಕ. ಅಷ್ಟನ್ನು ಅವಳು ತಾನಾಗಿ ಕಂಡುಕೊಂಡಿದ್ದಾಳೆ. ಉಳಿದದ್ದು ಎರಡು ಭಾಗಾಕಾರ. 1.8ನ್ನು ನೀರಿನ ಅಣುತೂಕ 18ರಿಂದ ಭಾಗಿಸಿದರೆ 0.1, 3.2ನ್ನು ಕಾಪರ್ ಸಲ್ಫೇಟಿನ 160ರಿಂದ ಭಾಗಿಸಿದರೆ 0.02. ಒಂದು ಕಾಪರ್ ಸಲ್ಫೇಟಿಗೆ ಐದು ನೀರು. ಅರ್ಧ ದಾರಿ ನಡೆದವಳನ್ನು ಮನೆಯಿಂದ ಹೊರಡದೇ ಇದ್ದವಳಂತೆ ಎಣಿಸಿದ್ದು ಅನ್ಯಾಯ. ಸ್ಪರ್ಧೆಯನ್ನು ಹೊಗಳುವ ಮುನ್ನ ಮೌಲ್ಯಮಾಪನದ ಬಗ್ಗೆ ನಾನು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ, ಅದು ನನ್ನ ತಪ್ಪು.

ಆದರೆ ಸುಲಭದ ಪ್ರಶ್ನೆ ಕೇಳಿ ಎಂದು ನಾನು ಬರೆಯಲಾರೆ. ಈ ಬಗೆಯ ಸ್ಪರ್ಧೆಗಳಿಗೆಲ್ಲ ಹಿರಿಯಣ್ಣನಂತಿರುವ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಲಿಂಪಿಯಾಡನ್ನೇ ನೋಡಿ. 1968ರಲ್ಲಿ ಪ್ರಾಗ್ ನಗರದಲ್ಲಿ ಮೂರೇ ದೇಶಗಳು ಸೇರಿ ಶುರುಮಾಡಿದ್ದು. ಭಾರತ 1999ರಲ್ಲಿ ಮೊದಲ ಸಲ ಹೋಯಿತು, 2001ರಲ್ಲಿ ಮುಂಬೈಯಲ್ಲಿ ತಾನೇ ನಡೆಸಿತು. ಅಲ್ಲಿನ ಪ್ರಶ್ನೆಗಳು ಕಠಿಣ. ಆದರೆ ಆವರ್ತ ಕೋಷ್ಟಕ, ಸ್ಥಿರಾಂಕಗಳು ಪ್ರಶ್ನೆಪತ್ರಿಕೆಯ ಜೊತೆಗೇ ಇರುತ್ತವೆ. ಪ್ರತಿ ದೇಶದ ಮಾರ್ಗದರ್ಶಕರು ಪ್ರಶ್ನೆಗಳನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದಿಸಿಕೊಡುತ್ತಾರೆ. ಅಂಕ ಹೆಜ್ಜೆಹೆಜ್ಜೆಗೂ ಉಂಟು. ಒಂದು ಕಡೆ ಎಡವಿದ್ದಕ್ಕೆ ಮುಂದಿನ ಹೆಜ್ಜೆಯಲ್ಲಿ ಮತ್ತೆ ದಂಡ ಹಾಕುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರ ಪತ್ರಿಕೆಯ ನಕಲು ಮಾರ್ಗದರ್ಶಕರ ಕೈಗೆ ಬರುತ್ತದೆ. "ನಮ್ಮ ಹುಡುಗಿಯ ಈ ಸಾಲಿಗೆ ಅಂಕ ಏಕಿಲ್ಲ?" ಎಂದು ಅವರು ಪರೀಕ್ಷಕರ ಎದುರು ಕೂತು ವಾದಿಸುತ್ತಾರೆ. ಅಷ್ಟು ದೊಡ್ಡ ಕೂಟದಲ್ಲಿ ಆಗುವುದು ಹಾಸನದಲ್ಲಿ ಏಕಾಗಬಾರದು? ಉತ್ತರ ಪತ್ರಿಕೆ ಕೊಡದ ಸ್ಪರ್ಧೆಯಿಂದ ಮಗು ಮನೆಗೆ ಒಯ್ಯುವುದು ಬರೀ ಸೊನ್ನೆಯನ್ನು.

ಕೋಚಿಂಗ್ ವಿಷಯಕ್ಕೆ ಬರುತ್ತೇನೆ. ನಾನು ಕೊಪ್ಪದ ಕಡೆಯ ಅಡಿಕೆ ತೋಟದಲ್ಲಿ ಬೆಳೆದವನು. ಮಳೆಗಾಲ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೆರೆಸಿ ಆದ ಮೇಲೆ ಅಪ್ಪ ಚಾಕುವಿನ ಅಲಗನ್ನು ಬೂದಿ ಹಾಕಿ ಹೊಳೆಯುವಂತೆ ಉಜ್ಜಿ ಡ್ರಮ್ಮಿನೊಳಗೆ ಅದ್ದುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಅಲಗಿನ ಮೇಲೆ ಕೆಂಪು ಕಂದು ಲೇಪ ಕೂತಿದ್ದರೆ "ಸುಣ್ಣ ಸಾಲದು" ಎಂದು ಇನ್ನಷ್ಟು ಹಾಕುತ್ತಿದ್ದರು. ಅಲಗು ಬೆಳ್ಳಗೇ ಬಂದರೆ ಕೊನೆಗಾರರು ಮರ ಹತ್ತಬಹುದು. ಆ ಕೆಂಪು, ಸುಣ್ಣದ ಹಿಡಿತಕ್ಕೆ ಸಿಗದೆ ನೀರಿನಲ್ಲಿ ಕರಗಿಯೇ ಉಳಿದಿದ್ದ ತಾಮ್ರ. ಕಬ್ಬಿಣ ಕರಗಿ ತಾಮ್ರವನ್ನು ನೀರಿನಿಂದ ಹೊರಗೆಳೆದಿದೆ ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ.

ಇದನ್ನೇ ಪ್ರಶ್ನೆ ಮಾಡಿ. 250 ಗ್ರಾಂ ಮೈಲುತುತ್ತದ ತಾಮ್ರವನ್ನೆಲ್ಲ ನೀರಿನಲ್ಲಿ ಕರಗದ ಹೈಡ್ರಾಕ್ಸೈಡಾಗಿ ಇಳಿಸಲು ಶುದ್ಧವಾದ ಸುಟ್ಟ ಸುಣ್ಣ 56 ಗ್ರಾಂ ಬೇಕು. ಹಾಗಾದರೆ ಒಂದು ಕಿಲೋಗೆ 224 ಗ್ರಾಂ ಸಾಕು. ರೈತರು ಒಂದು ಕಿಲೋ ಸುರಿಯುವುದೇಕೆ? ಇಲ್ಲಿ ಮಕ್ಕಳು ಕಿತ್ತಾಡಲಿ. ಮೂಟೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಿನ ಪುಡಿಯೇ ಆಗುತ್ತದೆ ಎಂದು ಒಬ್ಬರು ಹೇಳಿಯಾರು. ಕರಗಿದ ತಾಮ್ರ ಒಂದಿಷ್ಟು ಉಳಿದರೂ ಎಳೆಯ ಎಲೆ ಸುಟ್ಟುಹೋಗುತ್ತದೆ, ಅದಕ್ಕೇ ಕೈಬಿಚ್ಚಿ ಹಾಕುತ್ತಾರೆ ಎಂದು ಇನ್ನೊಬ್ಬರು. ಇಬ್ಬರೂ ಸರಿ. ಈ ವಾದಕ್ಕೆ ಬೇಕಾದ ಸಾಮಾನು ಯಾವ ಕೋಚಿಂಗ್ ಕೇಂದ್ರಕ್ಕಿಂತ ನಿಮ್ಮ ಶಾಲೆಯ ಆಚೆಯ ತೋಟದಲ್ಲಿ ಹೆಚ್ಚಿದೆ.

ಹಳೆಯ ಪ್ರಶ್ನೆಗಳು ಬೇಕಿದ್ದರೆ ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೈಸ್ಕೂಲು ಮಕ್ಕಳಿಗೆ ಕಿರಿಯರ ವಿಜ್ಞಾನ ಒಲಿಂಪಿಯಾಡಿನವು ಒಗ್ಗುತ್ತವೆ. ಕನ್ನಡಕ್ಕೆ ತರುವ ಕೆಲಸ ನಾವೇ ಮಾಡಿಕೊಳ್ಳಬೇಕು.

ಹಾಸನದ ಸಂಘಟಕರಿಗೆ ಇಂದೇ ಪತ್ರ ಬರೆದಿದ್ದೇನೆ: ಹೆಜ್ಜೆಗೆ ಅಂಕ ಕೊಡಿ, ಉತ್ತರ ಪತ್ರಿಕೆಯನ್ನು ಮಕ್ಕಳಿಗೆ ಹಿಂತಿರುಗಿಸಿ, ಪ್ರಶ್ನೆಗಳನ್ನು ಸುಲಭ ಮಾಡಬೇಡಿ. ಅವರ ಉತ್ತರ ಏನೇ ಬರಲಿ, ಪ್ರಕಟಿಸುತ್ತೇನೆ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟವನ್ನು ನಿಮ್ಮ ಮೂವರು ಮಕ್ಕಳಿಗಾಗಿ ಖಾಲಿ ಇಟ್ಟಿದ್ದೇನೆ. ತೋಟದಿಂದಲೋ ಅಡುಗೆಮನೆಯಿಂದಲೋ ಒಂದು ಪ್ರಶ್ನೆ ಅವರೇ ಕಟ್ಟಿ ಕಳುಹಿಸಲಿ. 1.8 ಬರೆದ ಹುಡುಗಿಯ ಪ್ರಶ್ನೆ ಮೊದಲು ಅಚ್ಚಾಗುತ್ತದೆ.